ವಿನೈಲ್ ಟೈಲ್ಸ್‌ಗೆ ಮುಂಚೆ ನೆಲ ಸರಿಮಾಡಿದ್ದು ಹೀಗೆ

ಮೈಸೂರಿನ ನಮ್ಮ ಹಳೆ ಮನೆಯ ರೂಮಿಗೆ ವಿನೈಲ್ ಟೈಲ್ಸ್ (ನೆಲಕ್ಕೆ ಅಂಟಿಸುವ ತೆಳು ಪ್ಲಾಸ್ಟಿಕ್ ಟೈಲ್ಸ್) ಹಾಕಿದೆ. ಅಂಟಿಸುವುದಕ್ಕಿಂತ ನೆಲ ಸರಿಮಾಡುವುದೇ ಜಾಸ್ತಿ ಕೆಲಸ. ನಾನು ತಂದದ್ದು 2 ಮಿ.ಮೀ. ದಪ್ಪದವು. ಇಷ್ಟು ತೆಳ್ಳಗಿನದು ಕೆಳಗಿನ ಉಬ್ಬುತಗ್ಗು ಮುಚ್ಚುವುದಿಲ್ಲ. ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಮೊಡವೆ ಹಾಗೆ ಮೇಲೆ ಎದ್ದು ಕಾಣುತ್ತದೆ.

ಮಟ್ಟಕ್ಕಿಂತ ಮೊದಲು ತೇವ ನೋಡಿದೆ. ಹಳೆ ಮನೆಗಳ ನೆಲದಡಿ ಸಾಮಾನ್ಯವಾಗಿ ಪ್ಲಾಸ್ಟಿಕ್ ಹಾಳೆ ಹಾಸಿರುವುದಿಲ್ಲ. ಮಣ್ಣಿನ ತೇವ ಮೇಲೆ ಬಂದು ಗಾಳಿಗೆ ಆರುತ್ತಿರುತ್ತದೆ. ವಿನೈಲ್ ಹಾಕಿದರೆ ಆ ದಾರಿ ಮುಚ್ಚುತ್ತದೆ, ಅಂಟು ಬಿಡುತ್ತದೆ. ಒಂದೂವರೆ ಅಡಿ ಉದ್ದಗಲದ ಪ್ಲಾಸ್ಟಿಕ್ ಹಾಳೆಗಳನ್ನು ಅಲ್ಲಲ್ಲಿ ಇಟ್ಟು, ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದಿಡೀ ದಿನ ಬಿಟ್ಟೆ. ಬಚ್ಚಲಿನ ಗೋಡೆ ಪಕ್ಕದ ಹಾಳೆಯ ಒಳಗೆ ಮಾತ್ರ ನೀರಿನ ಹನಿ ಕಟ್ಟಿತ್ತು. ಒಳಗಿನ ಪೈಪ್ ಜಿನುಗುತ್ತಿತ್ತು. ಅದನ್ನು ಸರಿಮಾಡಿಸಿ, ಮೂಲೆ ಪೂರ್ತಿ ಆರುವವರೆಗೆ ಕಾದೆ.

ನಮ್ಮದು ರೆಡ್ ಆಕ್ಸೈಡ್ ನೆಲ. ವರ್ಷಗಟ್ಟಲೆ ಪಾಲಿಶ್ ತಿಂದ ನೆಲಕ್ಕೆ ಏನೂ ಹಿಡಿಯುವುದಿಲ್ಲ. ನೀರು ಚಿಮುಕಿಸಿದರೆ ಹನಿ ಹನಿಯಾಗಿಯೇ ನಿಲ್ಲುತ್ತಿತ್ತು. ಕೈಯಲ್ಲಿ ಹಿಡಿಯುವ ಗ್ರೈಂಡರ್ ಮೆಷಿನ್ನಿಗೆ ಡೈಮಂಡ್ ಕಪ್ ವೀಲ್ (ಸಿಮೆಂಟ್ ಉಜ್ಜುವ ಚಕ್ರ) ಹಾಕಿ, ನೀರು ಹೀರಿಕೊಳ್ಳುವವರೆಗೆ ಉಜ್ಜಿದೆ. ಈ ಕೆಲಸಕ್ಕೆ ಎನ್95 ಮಾಸ್ಕ್ ಬೇಕೇ ಬೇಕು. ಸಿಮೆಂಟಿನ ಸಣ್ಣ ದೂಳು ಶ್ವಾಸಕೋಶಕ್ಕೆ ಇಳಿದರೆ ಹೊರಗೆ ಬರುವುದಿಲ್ಲ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಟೊಳ್ಳು ಸದ್ದು ಬಂದ ಕಡೆಯೆಲ್ಲ ಕಿತ್ತು ಗಾರೆ ಹಾಕಿಸಿದೆ.

ಆಮೇಲೆ ಸಮ ಮಾಡುವ ಮಾತು. ಹಳೆ ನೆಲಗಳಿಗೆ ತೊಳೆದ ನೀರು ಹರಿದುಹೋಗಲಿ ಅಂತ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. ಅದರಿಂದ ವಿನೈಲ್‌ಗೆ ಏನೂ ತೊಂದರೆ ಇಲ್ಲ. ನೆಲ ಓರೆ ಇರಬಹುದು, ಗುಂಡಿ ದಿಣ್ಣೆ ಇರಬಾರದು ಅಷ್ಟೇ. ಹಾಗಾಗಿ ಓರೆ ತೋರಿಸುವ ರಸಮಟ್ಟ ಬದಿಗಿಟ್ಟು, ಮೇಸ್ತ್ರಿಗಳು ಪ್ಲಾಸ್ಟರ್ ಎಳೆಯುವ 6 ಅಡಿಯ ಅಲ್ಯೂಮಿನಿಯಂ ಪಟ್ಟಿಯನ್ನು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿದೆ. ಟೈಲ್ಸಿನದೇ ಒಂದು ಚೂರು ಪಟ್ಟಿಯಡಿ ಸಲೀಸಾಗಿ ತೂರಿದರೆ ಅಲ್ಲಿ ತಗ್ಗು. ಪಟ್ಟಿ ತೊನೆದಾಡಿದರೆ ಉಬ್ಬು. ಎರಡನ್ನೂ ಚಾಕ್‌ಪೀಸಿನಲ್ಲಿ ಗುರುತು ಹಾಕಿದೆ. ಉಬ್ಬನ್ನು ಮೊದಲು ಉಜ್ಜಿಬಿಡಬೇಕು, ಆಗ ತುಂಬುವ ಮಾಲು ಎಷ್ಟೋ ಉಳಿಯುತ್ತದೆ.

"ಸಿಮೆಂಟ್ ತೆಳ್ಳಗೆ ಕಲಸಿ ಬಳಿದುಬಿಡೋಣ ಸಾರ್" ಅಂದರು ಮೇಸ್ತ್ರಿ. ನಾನು ಒಪ್ಪಲಿಲ್ಲ. ಬರೀ ಸಿಮೆಂಟ್ ಹಾಲು ತೆಳ್ಳಗೆ ಬಳಿದರೆ ಬೇಗ ಒಣಗಿ ಬಿರುಕು ಬಿಡುತ್ತದೆ, ಚಕ್ಕೆ ಏಳುತ್ತದೆ. ಸುರಿದರೆ ತಾನೇ ಹರಡಿ ಮಟ್ಟವಾಗುವ ಸೆಲ್ಫ್ ಲೆವೆಲಿಂಗ್ ಮಾಲೂ ಈ ನೆಲಕ್ಕೆ ಹೊಂದುವುದಿಲ್ಲ. ಅದು ನೀರಿನ ಹಾಗೆ ಇಳಿಜಾರಿಗೆ ಹರಿದು ಒಂದೇ ಮೂಲೆಯಲ್ಲಿ ನಿಲ್ಲುತ್ತದೆ, ಅಲ್ವಾ? ಹಿಡಿತಕ್ಕೆ ಪ್ರೈಮರ್ ಹಚ್ಚಿ, ಪಾಲಿಮರ್ ಸೇರಿದ ರಿಪೇರಿ ಮಾರ್ಟರನ್ನು (ಚೀಲದಲ್ಲಿ ಸಿಗುವ ಸಿಮೆಂಟ್ ಗಾರೆ) ಕರಣೆಯಲ್ಲಿ ತೀಡಿ ತಗ್ಗು ತುಂಬಿದೆವು. ಚೀಲದ ಮೇಲೆ ಹೇಳಿದಷ್ಟೇ ನೀರು. ಕಲಸಲು ಸುಲಭ ಅಂತ ಜಾಸ್ತಿ ಹಾಕಿದರೆ ಮೇಲ್ಪದರ ಪುಡಿಪುಡಿ ಆಗುತ್ತದೆ. ಅಂಚುಗಳನ್ನು ಕಾಗದದಷ್ಟು ತೆಳ್ಳಗೆ ಎಳೆಯುವುದರಲ್ಲೇ ಮೇಸ್ತ್ರಿಯ ಕೈಚಳಕ ಇರುವುದು. ನಮ್ಮವರು ಅದನ್ನು ಬಹಳ ಚೆನ್ನಾಗಿ ಮಾಡಿಕೊಟ್ಟರು.

ಒಣಗಿದ ಮೇಲೆ ಕತ್ತಲಲ್ಲಿ ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡ ಬೆಳಕು ಬಿಟ್ಟೆ. ಹಗಲಲ್ಲಿ ಕಾಣದ ಕರಣೆ ಗೆರೆಗಳೆಲ್ಲ ನೆರಳಾಗಿ ಎದ್ದವು. ಅವನ್ನು ಮರಳು ಕಾಗದದಲ್ಲಿ ಉಜ್ಜಿದೆ. ಮಳೆಗಾಲವಾದ್ದರಿಂದ ಚೀಲದಲ್ಲಿ ಬರೆದಿದ್ದಕ್ಕಿಂತ ಹೆಚ್ಚು ಹೊತ್ತು ಒಣಗಲು ಬಿಟ್ಟು, ಹೊಸ ತೇಪೆಗಳ ಮೇಲೂ ಪ್ಲಾಸ್ಟಿಕ್ ಅಂಟಿಸಿ ತೇವ ನೋಡಿದೆ. ಕೊನೆಗೆ ವ್ಯಾಕ್ಯೂಮ್ ಹೊಡೆದು ಅಂಟು ಹಚ್ಚಲು ಶುರುಮಾಡಿದೆ.