ಹರಾಜಿನ ಹೊತ್ತಿಗೆ ಸರಿಯಾಗಿ ನಿಂತುಹೋಗುತ್ತಿದ್ದ ಸರ್ವರ್: ನನ್ನ ಅನುಭವ

ಕೋಲಾರದ ಟೊಮೆಟೊ ಮಂಡಿಯಲ್ಲಿ ಪರಿಚಯದವರ ಅಂಗಡಿ. ಬೆಳಗ್ಗೆ ಹರಾಜು ಶುರುವಾದರೆ ಸಾಕು, ಬಿಲ್ಲಿಂಗ್ ಸರ್ವರ್ ನಿಂತುಬಿಡುತ್ತಿತ್ತು. ಕ್ರೇಟುಗಳು ಬರುತ್ತಲೇ ಇವೆ, ರೈತರು ಬಿಲ್ಲಿಗೆ ಕಾಯುತ್ತಿದ್ದಾರೆ, ಪರದೆ ಮೇಲೆ ಚಕ್ರ ಸುಮ್ನೆ ತಿರುಗುತ್ತಿದೆ. ಸಾಫ್ಟ್‌ವೇರ್ ಹಾಕಿಕೊಟ್ಟವರು ಹೊಸ ಸರ್ವರ್ ತಗೊಳ್ಳಿ ಅಂದಿದ್ದರಂತೆ. ಎಲ್ಲಕ್ಕೂ ಅದೇ ಮದ್ದು ಅಲ್ವಾ!

ಲೆಕ್ಕವೆಲ್ಲ ಇಡುವ ಡೇಟಾಬೇಸ್ ಮರಿಯಾಡಿಬಿ. ಅದರ ಎರರ್ ಲಾಗ್, ಅಂದ್ರೆ ತೊಂದರೆಗಳು ದಾಖಲಾಗುವ ಕಡತ, ತೆರೆದೆ. ಎಲ್ಲೆಲ್ಲಿಂದಲೋ ಯಾರ್ಯಾರೋ ರೂಟ್ (ಎಲ್ಲ ಅಧಿಕಾರವೂ ಇರುವ ಯೂಸರ್) ಹೆಸರಲ್ಲಿ ಒಳಗೆ ಬರೋಕೆ ನೋಡಿದ್ದ ಸಾಲುಗಳೇ ಜಾಸ್ತಿ. ಡೇಟಾಬೇಸಿನ ಬಾಗಿಲಿನಂತಿರುವ 3306 ಪೋರ್ಟ್ ಇಡೀ ಇಂಟರ್‌ನೆಟ್‌ಗೆ ತೆರೆದಿತ್ತು. ಬಿಲ್ಲಿಂಗ್ ಆ್ಯಪ್ ಅದೇ ಯಂತ್ರದಲ್ಲಿದ್ದದ್ದರಿಂದ ಬೈಂಡ್ ಅಡ್ರೆಸ್ಸನ್ನು 127.0.0.1 ಮಾಡಿದೆ, ಅಂದ್ರೆ ಆ ಯಂತ್ರದೊಳಗಿಂದ ಮಾತ್ರ ಸಂಪರ್ಕ; ಫೈರ್‌ವಾಲ್‌ನಲ್ಲೂ ಪೋರ್ಟ್ ಮುಚ್ಚಿದೆ. ಆ್ಯಪ್ ಕೂಡ ರೂಟ್ ಆಗಿಯೇ ಓಡುತ್ತಿತ್ತು. ಅದಕ್ಕೆ ಬೇಕಾದಷ್ಟೇ ಅನುಮತಿ ಇರುವ ಬೇರೆ ಯೂಸರ್ ಕೊಟ್ಟೆ.

ಇಷ್ಟಾದರೂ ನಿಧಾನವೇ. ಮಿತಿಗಿಂತ ಹೆಚ್ಚು ಹೊತ್ತು ತಗೊಳ್ಳುವ ಕ್ವೆರಿಗಳನ್ನು (ಆ್ಯಪ್ ಡೇಟಾಬೇಸಿಗೆ ಕೇಳುವ ಪ್ರಶ್ನೆಗಳನ್ನು) ಬರೆದಿಡುವ ಸ್ಲೋ ಕ್ವೆರಿ ಲಾಗ್ ಹಾಕಿ, 10 ಸೆಕೆಂಡ್ ಇದ್ದ ಮಿತಿಯನ್ನು 1ಕ್ಕೆ ಇಳಿಸಿದೆ. ಆಗ ಸಿಕ್ಕಿಬಿತ್ತು ನೋಡಿ ಅಸಲಿ ಕಳ್ಳ: ರೈತರ ಹಳೇ ಬಾಕಿ ತೋರಿಸುವ ಕ್ವೆರಿ. ಕ್ವೆರಿ ಹೇಗೆ ಓಡುತ್ತದೆ ಅಂತ ತೋರಿಸುವ ಎಕ್ಸ್‌ಪ್ಲೇನ್ ಹಾಕಿದರೆ ಟೈಪ್ ಜಾಗದಲ್ಲಿ 'ಆಲ್', ಅಂದ್ರೆ ಒಬ್ಬರ ಲೆಕ್ಕಕ್ಕೆ ಇಡೀ ಟೇಬಲ್ ಓದುತ್ತಿದೆ. ರೈತರ ನಂಬರ್ ಮೊದಲು, ದಿನಾಂಕ ಆಮೇಲೆ ಬರುವಂತೆ ಇಂಡೆಕ್ಸ್ (ಬೇಗ ಹುಡುಕೋಕೆ, ಪುಸ್ತಕದ ಕೊನೆಯ ಪದಸೂಚಿಯಂಥದ್ದು) ಹಾಕಿದೆ. ಸಾಫ್ಟ್‌ವೇರ್‌ನವರು ದಿನಾಂಕದ ಕಾಲಂ ಮೇಲೆ ಫಂಕ್ಷನ್ ಹಾಕಿ, ಅಂದ್ರೆ ಅದನ್ನು ಬೇರೆ ರೂಪಕ್ಕೆ ಬದಲಿಸಿ, ಹೋಲಿಸುತ್ತಿದ್ದರು, ಹಾಗಿದ್ದರೆ ಇಂಡೆಕ್ಸಿನ ಆ ಭಾಗ ಕೆಲಸಕ್ಕೆ ಬರದೇ ಹೋಗಬಹುದು, ಅದಕ್ಕೇ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಬದಲಿಸಿದೆ. 8 ಜಿಬಿ ರ್‍ಯಾಮ್ ಇದ್ದೂ ಬಫರ್ ಪೂಲ್, ಅಂದ್ರೆ ಡೇಟಾಬೇಸ್ ಓದಿದ್ದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ, 128 ಎಂಬಿಯಲ್ಲೇ ಇತ್ತು. 4 ಜಿಬಿ ಮಾಡಿದೆ.

ಬಿಲ್ ಈಗ ತಕ್ಷಣ ಬರುತ್ತದೆ. ಹಾಗಂತ ಕಂಡ ಕಾಲಂಗೆಲ್ಲ ಇಂಡೆಕ್ಸ್ ಹಾಕಬೇಡಿ, ಬರೆಯೋದು ನಿಧಾನವಾಗುತ್ತದೆ.