ಎರಡು ದಿನ ಕರೆಂಟು, ನೀರು ಇಲ್ದಿದ್ರೆ? ಮನೆಯೋರೆಲ್ಲ ಸೇರಿ ರೆಡಿಯಾಗೋದು ಹೀಗೆ

ಎಮರ್ಜೆನ್ಸಿ ಕಿಟ್ ಅಂತ ಹುಡುಕಿದ್ರೆ ಸಾಕು, ಮಡಚೋ ಚಾಕು, ಬೆಂಕಿ ಹೊತ್ತಿಸೋ ಕಡ್ಡಿ, ವರ್ಷಗಟ್ಟಲೆ ಕೆಡದ ಪ್ಯಾಕೆಟ್ ಊಟ, ಇನ್ನೂ ಏನೇನೋ ತುಂಬಿರೋ ದಪ್ಪ ಬ್ಯಾಗುಗಳು ಒಂದರ ಮೇಲೊಂದು ಬರ್ತವೆ. ತಗೊಳ್ಳೋದೇ ಆದ್ರೆ ಅದನ್ನ ಕೊನೇಲಿ ತಗೊಳ್ಳಿ. ಕಾಡಲ್ಲಿ ಒಬ್ಬರೇ ಸಿಕ್ಕಾಕೊಳ್ಳೋ ಪರಿಸ್ಥಿತಿ ಎಷ್ಟು ಜನಕ್ಕೆ ಬರುತ್ತೆ ಹೇಳಿ? ಬರೋದು ಮಾಮೂಲಿ ತೊಂದರೆಗಳೇ. ಗಾಳಿ ಮಳೆಗೆ ಎರಡು ದಿನ ಕರೆಂಟ್ ಹೋಗೋದು, ಪೈಪ್ ಒಡೆದು ನಲ್ಲಿ ನಿಲ್ಲೋದು, ರಸ್ತೆ ಬಂದ್ ಆಗೋದು, ದುಡಿಯೋರಿಗೆ ಹುಷಾರು ತಪ್ಪೋದು, ಕೆಲಸ ಹೋಗೋದು. ಇದಕ್ಕೆ ಮೊದಲು ಬೇಕಾಗಿರೋದು ಬ್ಯಾಗಲ್ಲ, ನಮ್ಮ ಮನೆ ಯಾವುದು ನಿಂತ್ರೆ ನಿಂತುಹೋಗುತ್ತೆ ಅನ್ನೋ ಲೆಕ್ಕ, ಆ ಲೆಕ್ಕ ತೆಗೆಯೋಕೆ ದುಡ್ಡೇನೂ ಬೇಡ.

ಮೊದಲು ಒಂದು ಸಂಜೆ ಟ್ರಯಲ್ ನೋಡಿ

ರಜಾ ದಿನ ಒಂದು ಸಂಜೆ, ಎಲ್ರೂ ಮನೇಲಿರೋವಾಗ, ಮೇನ್ ಸ್ವಿಚ್ ಆಫ್ ಮಾಡಿ, ನೀರಿನ ಮೇನ್ ವಾಲ್ವೂ ತಿರುಗಿಸಿ ಮುಚ್ಚಿ. ಮೂರು ಗಂಟೆ ಹಾಗೇ ಇರಿ. (ಮನೇಲಿ ಯಾರಿಗಾದ್ರೂ ಆಕ್ಸಿಜನ್ ಮೆಷಿನ್ ಥರದ್ದು ನಡೀತಿದ್ರೆ ಕರೆಂಟ್ ತೆಗೆಯೋ ಈ ಆಟ ಬೇಡ.) ಪಕ್ಕದಲ್ಲಿ ನೋಟ್‌ಬುಕ್ಕು ಪೆನ್ನು ಇಟ್ಕೊಂಡು ಯಾರು ಏನು ಕೇಳ್ತಾರೋ ಬರೀತಾ ಹೋಗಿ. ಟಾರ್ಚ್ ಎಲ್ಲಿ ಅಂತ ಒಬ್ರು, ಟಾಯ್ಲೆಟ್‌ಗೆ ನೀರಿಲ್ಲ ಅಂತ ಇನ್ನೊಬ್ರು, ಫೋನು ಶೇಕಡಾ ಹನ್ನೆರಡಕ್ಕೆ ಬಂತು ಅಂತ ಮಗ, ರಾತ್ರಿ ಮಾತ್ರೆ ಯಾವ್ದು ಅಂತ ಕತ್ತಲಲ್ಲಿ ಕಾಣ್ತಿಲ್ಲ ಅಂತ ಅಜ್ಜಿ. ಆ ಹಾಳೇನೇ ನಿಮ್ಮ ಮನೆ ಲಿಸ್ಟು, ಬೇರೆಯೋರು ಬರೆದ ಯಾವ ಲಿಸ್ಟೂ ಅದರ ಹತ್ರಕ್ಕೂ ಬರಲ್ಲ. ವಾಲ್ವ್ ಎಲ್ಲಿದೆ ಅಂತಾನೇ ಗೊತ್ತಿಲ್ದೆ ಅರ್ಧ ಗಂಟೆ ಹುಡುಕಿದ್ರೆ ಇನ್ನೂ ಒಳ್ಳೇದು, ನೀರು ನುಗ್ಗೋ ದಿನ ಹುಡುಕೋದು ತಪ್ಪಿತು.

ಕರೆಂಟು, ನೀರು, ಗ್ಯಾಸು, ಮೂರನ್ನೂ ಎಲ್ಲಿ ಬಂದ್ ಮಾಡ್ಬೇಕು ಅನ್ನೋದು ಮನೇಲಿ ಒಬ್ಬರಿಗೆ ಗೊತ್ತಿದ್ರೆ ಸಾಲದು, ಬುದ್ಧಿ ಬಂದಿರೋ ಮಕ್ಕಳ ಕೈಲೂ ಒಂದ್ಸಲ ಮಾಡಿಸಿ. ಆದ್ರೆ ಗ್ಯಾಸ್ ವಾಸನೆ ಬಂದಾಗ ಕತೆ ಬೇರೆ, ಆಗ ಯಾವ ಸ್ವಿಚ್ಚನ್ನೂ ಮುಟ್ಬಾರ್ದು, ಆನೂ ಇಲ್ಲ ಆಫೂ ಇಲ್ಲ, ಎರಡರಲ್ಲೂ ಕಿಡಿ ಬರುತ್ತೆ. ಕಿಟಕಿ ಬಾಗಿಲು ತೆಗೆದು, ಕೈಗೆ ಸಿಕ್ಕಿದ್ರೆ ರೆಗ್ಯುಲೇಟರ್ ಮುಚ್ಚಿ ಹೊರಗೆ ಬನ್ನಿ, ಫೋನ್ ಮಾಡೋದೂ ಹೊರಗೆ ಬಂದ್ಮೇಲೇ. ಸಿಲಿಂಡರ್ ಗ್ಯಾಸು ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಹರಡಿಕೊಂಡಿರುತ್ತೆ, ಅದಕ್ಕೇ ಮೇಲಿನ ಕಿಟಕಿ ಒಂದನ್ನೇ ತೆಗೆದ್ರೆ ಪ್ರಯೋಜನ ಕಮ್ಮಿ, ಬಾಗಿಲು ತೆಗೀಬೇಕು.

ನೀರು

ಅರ್ಧ ತಯಾರಿ ಇದೇ ಅನ್ಕೊಳ್ಳಿ. ಊಟ ಇಲ್ದೆ ಸುಮಾರು ದಿನ ತಳ್ಳಬಹುದು, ನೀರಿಲ್ದೆ ಆಗಲ್ಲ. ಕುಡಿಯೋಕೆ, ಅಡುಗೆಗೆ, ಕೈ ಬಾಯಿ ತೊಳೆಯೋಕೆ ಅಂತ ಒಬ್ಬರಿಗೆ ದಿನಕ್ಕೆ 4 ಲೀಟರ್ ಹಿಡೀರಿ. ನಾಲ್ಕು ಜನ, ಮೂರು ದಿನ, 48 ಲೀಟರ್, ಅಂದ್ರೆ 48 ಕೆಜಿ, ಇದನ್ನ ಯಾರೂ ಯೋಚಿಸಲ್ಲ, ಅಟ್ಟದ ಮೇಲೆ ಇಡೋ ಸಾಮಾನಲ್ಲ ಇದು, ನೆಲದಲ್ಲೇ ನೆರಳಲ್ಲಿ ಇಡಿ. ಒಂದೇ ದೊಡ್ಡ ಡ್ರಮ್ಮಿಗಿಂತ ವಯಸ್ಸಾದವರೂ ಎತ್ತೋಕಾಗೋ ಐದು, ಹತ್ತು ಲೀಟರಿನ ಕ್ಯಾನುಗಳು ವಾಸಿ, ಒಂದು ಸೋರಿದ್ರೂ ಕೆಟ್ರೂ ಉಳಿದದ್ದು ಇರುತ್ತೆ. ಹಾಲಿನ ಕ್ಯಾನು ಬೇಡ, ಎಷ್ಟು ತೊಳೆದ್ರೂ ಜಿಡ್ಡು ಉಳಿದು ನೀರು ಕೆಡುತ್ತೆ. ಕೆಮಿಕಲ್ ತುಂಬಿದ್ದ ಕ್ಯಾನಂತೂ ಬೇಡವೇ ಬೇಡ. ತುಂಬಿಸಿದ ತಾರೀಕು ಟೇಪಲ್ಲಿ ಬರೆದು ಅಂಟಿಸಿ, ಆರು ತಿಂಗಳಿಗೊಮ್ಮೆ ಬದಲಾಯಿಸಿ, ಹಳೇ ನೀರು ಗಿಡಕ್ಕೆ ಹಾಕಿ.

ಆ ನೀರು ಖಾಲಿಯಾಗಿ ಎಲ್ಲಿಂದಲೋ ತಂದಿದ್ದನ್ನ ಕುಡೀಬೇಕಾಗಿ ಬಂದ್ರೆ, ಮೊದಲು ತಿಳಿಯಾಗೋಕೆ ಬಿಡಿ, ಆಮೇಲೆ ದಪ್ಪ ಬಟ್ಟೇಲಿ ಸೋಸಿ, ಆಮೇಲೆ ಕುದಿಸಿ. ತಳದಲ್ಲಿ ಸಣ್ಣ ಗುಳ್ಳೆ ಬಂದ್ರೆ ಅದು ಕುದಿಯಲ್ಲ, ಇಡೀ ಪಾತ್ರೆ ಕೊತಕೊತ ಅನ್ನೋಕೆ ಶುರುವಾದ ಮೇಲೆ ಒಂದು ನಿಮಿಷ ಬಿಟ್ರೆ ಸಾಕು, 2000 ಮೀಟರಿಗಿಂತ ಎತ್ತರದ ಜಾಗದಲ್ಲಿ ಮೂರು ನಿಮಿಷ, ಯಾಕಂದ್ರೆ ಅಲ್ಲಿ ನೀರು ಕಮ್ಮಿ ಬಿಸೀಲೇ ಕುದಿಯುತ್ತೆ. ಹತ್ತಿಪ್ಪತ್ತು ನಿಮಿಷ ಕುದಿಸೋದು ಬರೀ ಗ್ಯಾಸ್ ದಂಡ. ಉರುವಲು ಇಲ್ವಾ, ವಾಸನೆ ಬಣ್ಣ ಸೇರಿಸದ ಸಾದಾ ಲಿಕ್ವಿಡ್ ಬ್ಲೀಚು, ಲೇಬಲ್ ಮೇಲೆ ಸೋಡಿಯಂ ಹೈಪೋಕ್ಲೋರೈಟ್ 5ರಿಂದ 6 ಪರ್ಸೆಂಟ್ ಅಂತ ಇರೋದು, ಲೀಟರಿಗೆ 2 ಹನಿ, ಕಲಕು ನೀರಿಗೆ 4 ಹನಿ. ಮುಚ್ಚಳದಲ್ಲಿ ಅಂದಾಜಿಗೆ ಸುರಿಯೋದಲ್ಲ, ಡ್ರಾಪರ್ ಬೇಕು, ಅದನ್ನ ಬಾಟಲಿಗೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಡಿ. ಕಲಸಿ ಅರ್ಧ ಗಂಟೆ ಬಿಟ್ಟು ಮೂಸಿ ನೋಡಿ, ಕ್ಲೋರಿನ್ ವಾಸನೆ ಸ್ವಲ್ಪ ಬರಬೇಕು, ಬರಲಿಲ್ಲ ಅಂದ್ರೆ ಅಷ್ಟೇ ಹನಿ ಮತ್ತೊಮ್ಮೆ ಹಾಕಿ ಇನ್ನೊಂದು ಕಾಲು ಗಂಟೆ ಕಾಯಿರಿ. ಬ್ಲೀಚು ಇಟ್ಟಲ್ಲೇ ಶಕ್ತಿ ಕಳ್ಕೊಳ್ಳುತ್ತೆ, ವರ್ಷ ಹಳೇದಾಗಿದ್ರೆ ನಂಬ್ಬೇಡಿ. ಅದೂ ಇಲ್ಲ ಅಂದ್ರೆ ಬಿಸಿಲು. ಲೇಬಲ್ ಕಿತ್ತ, ಬಣ್ಣ ಇಲ್ಲದ, 2 ಲೀಟರ್ ಒಳಗಿನ ಪ್ಲಾಸ್ಟಿಕ್ ಬಾಟಲಿಗೆ ತಿಳಿ ನೀರು ತುಂಬಿ ಒಳ್ಳೇ ಬಿಸಿಲಲ್ಲಿ 6 ಗಂಟೆ ಮಲಗಿಸಿಟ್ರೆ ಸೂರ್ಯನ ಅತಿನೇರಳೆ ಕಿರಣವೇ ಕ್ರಿಮಿಗಳನ್ನ ಮುಗಿಸುತ್ತೆ, ಮೋಡ ಇದ್ರೆ ಎರಡು ದಿನ ಇಡಬೇಕು. ಆದ್ರೆ ಈ ಮೂರೂ ಉಪಾಯ ಕ್ರಿಮಿಗೆ ಮಾತ್ರ, ಡೀಸೆಲ್ಲೋ ಬೆಳೆಗೆ ಹೊಡೆಯೋ ಔಷಧಿಯೋ ಕೆಮಿಕಲ್ಲೋ ಸೇರಿದ ನೀರು ಕುದಿಸಿದ್ರೂ ವಿಷವೇ.

ಟಾಯ್ಲೆಟ್ ವಿಚಾರ ಮಾತಾಡೋಕೆ ಎಲ್ರಿಗೂ ಮುಜುಗರ, ಅದಕ್ಕೇ ಎಲ್ಲಾ ಲಿಸ್ಟಲ್ಲೂ ಬಿಟ್ಟುಹೋಗಿರುತ್ತೆ. ಪಾತ್ರೆ, ಬಟ್ಟೆ ತೊಳೆದ ನೀರನ್ನ ಬಕೆಟಲ್ಲಿ ಹಿಡಿದಿಟ್ರೆ ಫ್ಲಶ್ಶಿಗೆ ಆಗುತ್ತೆ. ಚರಂಡೀನೇ ಕಟ್ಟಿಕೊಂಡು ವಾಪಸ್ ಬರ್ತಿದ್ರೆ ಮುಚ್ಚಳ ಇರೋ ಎರಡು ಬಕೆಟ್, ಒಂದು ಎರಡಕ್ಕೆ, ಇನ್ನೊಂದು ಒಂದಕ್ಕೆ, ಬೇರೆಬೇರೆ ಇಟ್ರೆ ವಾಸನೆ ಅರ್ಧಕ್ಕರ್ಧ ಕಮ್ಮಿ. ಗಟ್ಟಿಯದಕ್ಕೆ ದಪ್ಪ ಕವರ್ ಹಾಕಿ, ಪ್ರತಿ ಸಲ ಒಂದು ಹಿಡಿ ಬೂದಿ ಅಥವಾ ಮರದ ಹೊಟ್ಟು ಹಾಕಿ. ಸೋಪು ಮಾತ್ರ ಯಾವತ್ತೂ ಖಾಲಿಯಾಗದ ಹಾಗೆ ನೋಡ್ಕೊಳ್ಳಿ.

ಊಟ, ಫ್ರಿಜ್ಜು

ಹೊಸದಾಗಿ ಏನೂ ತರ್ಬೇಡಿ. ದಿನಾ ತಿನ್ನೋದನ್ನೇ ಪ್ರತಿ ಸಲ ಸಾಮಾನು ತರುವಾಗ ಒಂದೊಂದು ಜಾಸ್ತಿ ತನ್ನಿ, ಕೆಲವೇ ತಿಂಗಳಲ್ಲಿ ಎರಡು ವಾರದ್ದು ತಾನಾಗೇ ಸೇರುತ್ತೆ. ಹೊಸದು ಹಿಂದೆ, ಹಳೇದು ಮುಂದೆ. ಧಾನ್ಯಕ್ಕೆ ಹುಳ ಬೀಳೋ ಭಯ ಇದ್ರೆ ಫ್ರೀಜರಲ್ಲಿ ನಾಲ್ಕು ದಿನ ಇಟ್ಟು, ಹೊರಗೆ ತೆಗೆದು ಪಸೆ ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಕ್ಕೆ ಹಾಕಿ. ಅದರ ಜೊತೆಗೆ ಒಲೆನೇ ಹಚ್ಚದೆ ತಿನ್ನೋಕಾಗೋ ಮೂರು ದಿನದ ತಿಂಡಿ ಬೇರೆ ಇರಲಿ. ಮಕ್ಕಳಿಗೆ ಇಷ್ಟದ್ದೇ ಇಡಿ, ಕಷ್ಟದ ದಿನ ಹೊಸ ರುಚಿ ಕಲಿಸೋಕೆ ಹೋದ್ರೆ ಅವು ತಿನ್ನಲ್ಲ.

ಕರೆಂಟ್ ಹೋದ ಕೂಡ್ಲೇ ಫ್ರಿಜ್ ಬಾಗಿಲು ತೆಗೆದು ತೆಗೆದು ನೋಡೋ ಚಟ ಇರುತ್ತಲ್ಲ, ಅದನ್ನ ಬಿಡಿ. ಮುಚ್ಚೇ ಇದ್ರೆ ಫ್ರಿಜ್ಜಲ್ಲಿ ಸುಮಾರು 4 ಗಂಟೆ ತಂಪಿರುತ್ತೆ, ಫುಲ್ ತುಂಬಿರೋ ಫ್ರೀಜರಲ್ಲಿ 48 ಗಂಟೆ, ಅರ್ಧ ತುಂಬಿದ್ರೆ 24. ಖಾಲಿ ಜಾಗ ಇದ್ರೆ ನೀರಿನ ಬಾಟಲಿ ತುಂಬಿಸಿಡಿ, ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು, ಇಲ್ಲಾಂದ್ರೆ ಒಡೆಯುತ್ತೆ. ಊರಿಗೆ ಹೋಗೋರಿಗೆ ಒಂದು ಸುಲಭದ ಉಪಾಯ ಇದೆ. ಒಂದು ಲೋಟ ನೀರು ಫ್ರೀಜರಲ್ಲಿಟ್ಟು ಗಟ್ಟಿಯಾದ ಮೇಲೆ ಮೇಲ್ಗಡೆ ಒಂದು ನಾಣ್ಯ ಇಟ್ಟು ಹೋಗಿ. ವಾಪಸ್ ಬಂದಾಗ ನಾಣ್ಯ ಮೇಲೇ ಇದ್ರೆ ಸರಿ, ಐಸಿನ ತಳದಲ್ಲಿ ಕೂತಿದ್ರೆ ನೀವಿಲ್ಲದಾಗ ಎಲ್ಲಾ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ, ನೋಡೋಕೆ ಚೆನ್ನಾಗಿದ್ರೂ ಒಳಗಿರೋದನ್ನ ಎಸೀರಿ.

ಬೆಳಕು, ಬೆಂಕಿ, ಫೋನು

ಮೇಣದಬತ್ತಿ ಬೇಡ ಅನ್ನೋದು ನನ್ನ ಮಾತು, ಕತ್ತಲಲ್ಲಿ ಮಕ್ಕಳು ಓಡಾಡೋ ಮನೇಲಿ ಅದೇ ಎರಡನೇ ಎಮರ್ಜೆನ್ಸಿ ತರುತ್ತೆ. ಹಣೆಗೆ ಕಟ್ಟೋ ಎಲ್‌ಇಡಿ ಟಾರ್ಚು ಒಳ್ಳೇದು, ಎರಡು ಕೈಯೂ ಖಾಲಿ ಇರುತ್ತೆ. ಎಲ್ಲಾ ಟಾರ್ಚಿಗೂ ಒಂದೇ ಸೈಜಿನ ಸೆಲ್ಲು ಬರೋ ಹಾಗೆ ನೋಡಿ ತಗೊಳ್ಳಿ.

ಬಾಗಿಲು ಮುಚ್ಚಿದ ಮನೆಯೊಳಗೆ ಇದ್ದಿಲು ಒಲೆ ಉರಿಸೋದು, ಜನರೇಟರ್ ಓಡಿಸೋದು, ಇವೆರಡನ್ನ ಮಾಡ್ಲೇಬೇಡಿ. ಅವುಗಳಿಂದ ಬರೋ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿ ಕಣ್ಣಿಗೆ ಕಾಣಲ್ಲ, ವಾಸನೇನೂ ಇಲ್ಲ, ತಲೆನೋವು, ವಾಕರಿಕೆ, ನಿದ್ದೆ ಬಂದಂಗಾಗಿ ಮಲಗಿದೋರು ಏಳಲ್ಲ. ಕಿಟಕಿ ತೆರೆದಿದೀವಲ್ಲ ಅಂದ್ರೂ ಸಾಲಲ್ಲ. ಜನರೇಟರು ಮನೆಯಿಂದ 6 ಮೀಟರ್ ಆಚೆ, ಹೊಗೆ ಬಾಯಿ ಬೇರೆ ಕಡೆ ತಿರುಗಿರಬೇಕು.

ಫೋನ್ ಕಾಲ್ ಹೋಗದಿದ್ದಾಗ ಎಸ್ಸೆಮ್ಮೆಸ್ ಮಾಡಿ, ಅದಕ್ಕೆ ಬೇಕಾಗೋ ಜಾಗ ತುಂಬಾ ಕಮ್ಮಿ, ನೆಟ್‌ವರ್ಕ್ ಸ್ವಲ್ಪ ಸಿಕ್ಕಿದ್ರೂ ತಲುಪುತ್ತೆ. ಪವರ್ ಬ್ಯಾಂಕ್ ಮೇಲೆ ಬರೆದಿರೋ ಅಷ್ಟೂ ಫೋನಿಗೆ ಬರಲ್ಲ, ಸುಮಾರು ಮೂರರಲ್ಲಿ ಎರಡು ಭಾಗ ಸಿಗುತ್ತೆ, ಲೆಕ್ಕ ಹಾಕುವಾಗ ನೆನಪಿರಲಿ. ಬೇರೆ ಊರಲ್ಲಿರೋ ಒಬ್ಬ ನೆಂಟರನ್ನ ಮೊದಲೇ ಗೊತ್ತು ಮಾಡ್ಕೊಳ್ಳಿ, ಎಲ್ರೂ ಅವರಿಗೇ ಮೆಸೇಜ್ ಹಾಕೋದು, ಅವರು ಉಳಿದೋರಿಗೆ ತಿಳಿಸೋದು. ಆ ನಂಬರನ್ನ ಕಾಗದದ ಮೇಲೆ ಬರೆದು ಮಕ್ಕಳ ಸ್ಕೂಲ್ ಬ್ಯಾಗಲ್ಲೂ ಇಡಿ, ಫೋನ್ ಸತ್ತಾಗ ನಮಗೆ ನಮ್ಮ ಮನೆಯೋರ ನಂಬರೇ ಬಾಯಿಗೆ ಬರಲ್ಲ.

ಔಷಧಿ, ಗಾಯ

ದಿನಾ ತಗೊಳ್ಳೋ ಮಾತ್ರೆ ಯಾವಾಗ್ಲೂ ಹತ್ತು ದಿನದ್ದು ಜಾಸ್ತಿ ಇರೋ ಹಾಗೆ ಡಾಕ್ಟರ್ ಹತ್ರ ಮಾತಾಡಿ, ಮಾತ್ರೆ ಹೆಸರು, ಡೋಸು, ಯಾವುದು ಅಲರ್ಜಿ ಅಂತ ಒಂದು ಚೀಟೀಲಿ ಬರೆದಿಡಿ. ಇನ್ಸುಲಿನ್ ಇಟ್ಟಿರೋರು ಕರೆಂಟ್ ಹೋದಾಗ ಅದನ್ನ ನೇರ ಐಸ್ ಮೇಲೆ ಇಡ್ಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ಸುಟ್ಟ ಗಾಯಕ್ಕೆ ಪೇಸ್ಟು, ಬೆಣ್ಣೆ, ಐಸು ಯಾವುದೂ ಅಲ್ಲ, ಹರಿಯೋ ತಣ್ಣೀರು 20 ನಿಮಿಷ. ರಕ್ತ ಸುರೀತಿದ್ರೆ ಬಟ್ಟೆ ಒತ್ತಿ ಹಿಡೀರಿ, ನಿಂತಿತಾ ಅಂತ ಎತ್ತಿ ಎತ್ತಿ ನೋಡ್ಬೇಡಿ, ಬಟ್ಟೆ ನೆಂದ್ರೆ ಅದರ ಮೇಲೇ ಇನ್ನೊಂದು. ಭೇದಿಗೆ ಓಆರ್‌ಎಸ್ ಪ್ಯಾಕೆಟ್ ಇಟ್ಟಿರಿ, ಇಲ್ಲದಿದ್ರೆ 1 ಲೀಟರ್ ಶುದ್ಧ ನೀರಿಗೆ ಮೇಲಿನದನ್ನ ಸವರಿ ಮಟ್ಟ ಮಾಡಿದ 6 ಟೀ ಚಮಚ ಸಕ್ಕರೆ, ಹಾಗೇ ಮಟ್ಟ ಮಾಡಿದ ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಆದ್ರೆ ಮಗುವಿಗೆ ಅಪಾಯ, ಅಳತೆ ತಪ್ಪಬಾರದು.

ದುಡ್ಡಿನ ಬರ

ಪ್ರವಾಹಕ್ಕಿಂತ ಹೆಚ್ಚು ಮನೆಗಳನ್ನ ಅಲ್ಲಾಡಿಸೋದು ಸಂಬಳ ನಿಲ್ಲೋದು, ಆದ್ರೆ ಟಾರ್ಚ್ ತಗೊಳ್ಳುವಾಗ ಇರೋ ಉತ್ಸಾಹ ಇದಕ್ಕೆ ಇರಲ್ಲ. ಕಳೆದ ಮೂರು ತಿಂಗಳ ಖರ್ಚು ಮುಂದಿಟ್ಕೊಂಡು ಎರಡು ಪಟ್ಟಿ ಮಾಡಿ, ನಿಲ್ಲಿಸೋಕೆ ಆಗದ್ದು ಒಂದು, ನಾಳೆನೇ ನಿಲ್ಲಿಸಬಹುದಾದ್ದು ಇನ್ನೊಂದು. ಮೊದಲನೇ ಪಟ್ಟಿಯ ಒಂದು ತಿಂಗಳ ಮೊತ್ತ ಕೂಡಿಡೋದು ಮೊದಲ ಗುರಿ, ಆಮೇಲೆ ಮೂರು ತಿಂಗಳು, ಸಾಧ್ಯ ಆದ್ರೆ ಆರು. ಇದು ಬಡ್ಡಿ ದುಡಿಯೋ ದುಡ್ಡಲ್ಲ, ಬೇಕೆಂದ ದಿನ ಕೈಗೆ ಸಿಗೋ ದುಡ್ಡು, ಹಾಗಾಗಿ ಷೇರಿಗೋ ಐದು ವರ್ಷದ ಲಾಕ್‌ಗೋ ಹಾಕ್ಬೇಡಿ. ಕರೆಂಟು, ನೆಟ್‌ವರ್ಕ್ ಹೋದ್ರೆ ಎಟಿಎಮ್ಮೂ ಇಲ್ಲ, ಫೋನ್ ಪೇಮೆಂಟೂ ಇಲ್ಲ, ಹಾಗಾಗಿ ಮನೇಲಿ ಸ್ವಲ್ಪ ನಗದು ಇರಲಿ, ಎಲ್ಲಾ ಚಿಕ್ಕ ನೋಟುಗಳಲ್ಲಿ, ಅಂಥ ದಿನ ದೊಡ್ಡ ನೋಟಿಗೆ ಚಿಲ್ಲರೆ ಯಾರೂ ಕೊಡಲ್ಲ.

ಆದಾಯ ನಿಂತೇ ಹೋಯ್ತು ಅಂದ್ರೆ ಎರಡನೇ ಪಟ್ಟಿಗೆ ಅದೇ ವಾರ ಕತ್ತರಿ ಹಾಕಿ, ಬೇರೆ ಕೆಲಸ ಸಿಗುತ್ತೆ ಬಿಡು ಅಂತ ಎರಡು ತಿಂಗಳು ಹಳೇ ಖರ್ಚಲ್ಲೇ ನಡೆಸಿದ್ರೆ ಉಳಿತಾಯ ಅಲ್ಲೇ ಕರಗುತ್ತೆ. ಊಟ, ಮನೆ, ನೀರು ಕರೆಂಟು, ಔಷಧಿ, ಕೆಲಸ ಹುಡುಕೋಕೆ ಬೇಕಾದ ಓಡಾಟ ಮತ್ತು ಫೋನು, ಇವು ಮೊದಲು. ಸಾಲ ಇದ್ರೆ ಕಂತು ತಪ್ಪೋಕೆ ಮುಂಚೆನೇ ಕೊಟ್ಟೋರ ಹತ್ರ ಹೋಗಿ ಅವಧಿ ಕೇಳಿ, ತಪ್ಪಿದ ಮೇಲೆ ಹೋದ್ರೆ ಮಾತೇ ಬೇರೆ ಥರ ಇರುತ್ತೆ. ಹಳೇ ಸಾಲ ತೀರಿಸೋಕೆ ಜಾಸ್ತಿ ಬಡ್ಡಿಯ ಹೊಸ ಸಾಲ ಮಾತ್ರ ಬೇಡ. ಇನ್ನೊಂದು ವಿಷಯ, ಅಕೌಂಟು, ಇನ್ಶೂರೆನ್ಸು, ಯಾರಿಗೆ ಎಷ್ಟು ಕೊಡ್ಬೇಕು ಯಾರಿಂದ ಬರ್ಬೇಕು, ಇದು ಮನೇಲಿ ಇಬ್ಬರಿಗೆ ಗೊತ್ತಿರಬೇಕು. ಒಬ್ಬರೇ ಎಲ್ಲಾ ನೋಡ್ಕೊಂಡು, ಅವರೇ ಆಸ್ಪತ್ರೆ ಸೇರಿದ್ರೆ ದುಡ್ಡಿದ್ದೂ ಇಲ್ಲದಂಗೆ.

ನಲ್ಲಿ ವಾಷರ್ ಬದಲಾಯಿಸೋದು, ಬಟ್ಟೆ ಹೊಲಿಯೋದು, ಸೈಕಲ್ ಪಂಕ್ಚರ್ ಹಾಕೋದು, ಇಂಥವನ್ನ ಸುಖದ ದಿನಗಳಲ್ಲೇ ಕಲಿತಿಟ್ರೆ ಈ ಹೊತ್ತಿಗೆ ಆಗುತ್ತೆ. ಕುಂಡದಲ್ಲಿ ಸೊಪ್ಪು ಬೆಳೆಯೋದೂ ಒಳ್ಳೇದೇ, ಅದರಲ್ಲೇ ಹೊಟ್ಟೆ ತುಂಬುತ್ತೆ ಅನ್ನೋ ವಿಡಿಯೋಗಳನ್ನ ನಂಬ್ಬೇಡಿ ಅಷ್ಟೇ.

ಮನೆ ಬಿಡೋ ಹೊತ್ತು

ಬ್ಯಾಗಿನ ವಿಷಯ ಈಗ. ಒಬ್ಬರಿಗೊಂದು, ಅವರೇ ಹೊತ್ತು ಅರ್ಧ ಗಂಟೆ ನಡೆಯೋಕಾಗೋ ತೂಕದ್ದು. ನೀರು, ತಿಂಡಿ, ಒಂದು ಜೊತೆ ಬಟ್ಟೆ, ಔಷಧಿ, ಟಾರ್ಚು, ಚಾರ್ಜರು, ಸ್ಯಾನಿಟರಿ ಪ್ಯಾಡು, ನೀರು ನುಗ್ಗದ ಕವರಲ್ಲಿ ದಾಖಲೆಗಳ ಕಾಪಿ. ಒರಿಜಿನಲ್ ಎಲ್ಲಿದೆ ಅಂತ ಎಲ್ರಿಗೂ ಗೊತ್ತಿರಲಿ. ಹೊರಡೋ ದಾರಿ ಎರಡು ಇರಬೇಕು, ತಪ್ಪಿಸ್ಕೊಂಡ್ರೆ ಸೇರೋ ಜಾಗವೂ ಎರಡು, ಒಂದು ಮನೆ ಹತ್ರ, ಒಂದು ಬಡಾವಣೆಯಾಚೆ. ಹರಿಯೋ ನೀರಲ್ಲಿ ಧೈರ್ಯ ಬೇಡ, 15 ಸೆಂಟಿಮೀಟರ್ ರಭಸದ ನೀರು ದೊಡ್ಡೋರನ್ನೇ ಬೀಳಿಸುತ್ತೆ, 60 ಸೆಂಟಿಮೀಟರಲ್ಲಿ ಕಾರು ತೇಲಿ ಹೋಗುತ್ತೆ.

ಪಕ್ಕದ ಮನೆಯೋರ ಹತ್ರ ಒಂದ್ಸಲ ಕೂತು ಮಾತಾಡಿ, ಯಾರ ಹತ್ರ ಏಣಿ ಇದೆ, ಯಾರು ನರ್ಸು, ಯಾವ ಮನೇಲಿ ನಡೆಯೋಕಾಗದ ಹಿರಿಯರು ಒಬ್ಬರೇ ಇದಾರೆ. ಮೊದಲು ಬಂದು ಬಾಗಿಲು ತಟ್ಟೋರು ಹೆಚ್ಚಾಗಿ ಅಕ್ಕಪಕ್ಕದೋರೇ, ಸೈರನ್ ಹಾಕ್ಕೊಂಡು ಬರೋರು ಆಮೇಲೆ.

ವರ್ಷಕ್ಕೆ ಎರಡು ಸಲ, ನೀರು ಬದಲಾಯಿಸೋ ದಿನಾನೇ, ಬ್ಯಾಗನ್ನೂ ಬಿಚ್ಚಿ ನೋಡಿ. ಸೆಲ್ಲು ಸೋರಿದ್ಯಾ, ಪವರ್ ಬ್ಯಾಂಕ್ ಚಾರ್ಜ್ ಇದ್ಯಾ, ಮಾತ್ರೆ ಡೇಟ್ ಮುಗೀತಾ, ಆಮೇಲೆ ಮಕ್ಕಳ ಚಪ್ಪಲಿ ಬಟ್ಟೇನ ತೊಡಿಸಿಯೇ ನೋಡಿ, ಆರು ತಿಂಗಳ ಹಿಂದೆ ಇಟ್ಟಿದ್ದು ಈಗ ಅವರ ಕಾಲಿಗೆ ಹತ್ತಿರಲ್ಲ.