ಚುಚ್ಚುತ್ತೆ ಅಂದ್ರೆ ಎಲ್ಲಿ ಚುಚ್ಚುತ್ತೆ?

ನಾನು ಸ್ವೆಟರ್ ಹೆಣೆಯೋದು ಕಲಿತದ್ದು ಮೂವತ್ತು ದಾಟಿದ ಮೇಲೆ, ದೆಹಲಿಯ ಸರ್ಕಾರಿ ಕ್ವಾರ್ಟರ್ಸ್ ಒಂದರ ತಾರಸಿ ಮೇಲೆ. ಗಂಡನಿಗೆ ಅಲ್ಲಿಗೆ ವರ್ಗವಾಗಿತ್ತು. ಸಕಲೇಶಪುರದ ಚಳಿ ಕಂಡವಳು ನಾನು, ದೆಹಲಿ ಚಳಿ ಏನು ಮಹಾ ಅಂದುಕೊಂಡು ಎರಡು ಹಳೇ ಸ್ವೆಟರ್ ತಗೊಂಡು ಹೋಗಿದ್ದೆ. ಡಿಸೆಂಬರ್ ಕೊನೆಗೆ ಎರಡನ್ನೂ ಒಂದರ ಮೇಲೊಂದು ಹಾಕಿಕೊಂಡು ಹಲ್ಲು ಕಟಕಟ ಅನ್ನಿಸುತ್ತಾ ಕೂತಿದ್ದೆ.

ಹನ್ನೊಂದು ಗಂಟೆಗೆ ಅಕ್ಕಪಕ್ಕದ ಹೆಂಗಸರೆಲ್ಲ ಬಿಸಿಲು ಕಾಯಲು ತಾರಸಿಗೆ ಬರುತ್ತಿದ್ದರು. ಒಬ್ಬರು ಬಟಾಣಿ ಬಿಡಿಸೋರು, ಇನ್ನೊಬ್ಬರು ಮೂಲಂಗಿ ತುರಿಯೋರು. ಉಳಿದವರ ಕೈಯಲ್ಲೆಲ್ಲ ಉಲ್ಲನ್ ಉಂಡೆ, ಕಡ್ಡಿ. ಎದುರು ಮನೆಯ ಪಂಜಾಬಿ ಆಂಟಿ ನನ್ನ ಕೈಗೆ ಒಂದು ಜೊತೆ ಕಡ್ಡಿ ಕೊಟ್ಟು, ಸೀಧಾ ಮತ್ತು ಉಲ್ಟಾ ಎರಡೇ ಇರೋದು, ಮೂರನೆಯದು ಇಲ್ಲ ಅಂದರು. ನಿಜ. ನೂಲು ಕಡ್ಡಿಯ ಹಿಂದಿದ್ದರೆ ಸೀಧಾ, ಮುಂದಿದ್ದರೆ ಉಲ್ಟಾ. ಒಂದು ಸಾಲು ಅದು, ಒಂದು ಸಾಲು ಇದು ಹಾಕಿದರೆ ನಯವಾದ ಬಟ್ಟೆ. ಒಂದೇ ಸಾಲಿನಲ್ಲಿ ಒಂದು ಅದು, ಒಂದು ಇದು ಹಾಕಿದರೆ ಎಳೆದರೆ ಹಿಗ್ಗಿ, ಬಿಟ್ಟರೆ ಕುಗ್ಗುವ ಬಾರ್ಡರ್. ಇಷ್ಟರಲ್ಲೇ ಆಟ ಮುಗೀತು.

ಕಡ್ಡಿ ನಂಬರ್ ಮಾತ್ರ ತಲೆ ತಿಂದಿತ್ತು. ನಮ್ಮಲ್ಲಿ ನಡೆಯೋದು ಹಳೇ ಇಂಗ್ಲಿಷ್ ಲೆಕ್ಕ. ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ. 8ನೇ ನಂಬರ್ ಅಂದರೆ 4 ಮಿಲಿಮೀಟರ್, 10 ಅಂದರೆ 3.25. ದಪ್ಪ ಕಡ್ಡಿ ಬೇಕು ಅಂತ 12 ತಂದು, ಹಲ್ಲು ಕುತ್ತುವ ಕಡ್ಡಿಯಂಥದ್ದನ್ನು ಹಿಡಿದುಕೊಂಡು ಕೂತಿದ್ದೆ.

ಆ ಆಂಟಿಯರು ಟೇಪ್ ಮುಟ್ಟುತ್ತಿರಲಿಲ್ಲ. ಎಲ್ಲಾ ಗೇಣಿನ ಲೆಕ್ಕ. ಬಸ್ಸಿನಲ್ಲಿ ಮುಂದೆ ಕೂತವರ ಬೆನ್ನಿನ ಡಿಸೈನ್ ಚೆನ್ನಾಗಿದ್ದರೆ, ಇಳಿಯುವಷ್ಟರಲ್ಲಿ ಕುಣಿಕೆ ಎಣಿಸಿ ಮುಗಿಸಿರುತ್ತಿದ್ದರು. ನಾನು ಅವರ ಧೈರ್ಯ ನೋಡಿ, ಅಳತೆ ಬೇಡವೇ ಬೇಡ ಅಂತ ತಪ್ಪು ಪಾಠ ಕಲಿತೆ.

ಮೊದಲ ಸ್ವೆಟರ್ ಗಂಡನಿಗೆ. ಎದೆ 36 ಇಂಚು. ಒಳಗೆ ಅಂಗಿ ಇರುತ್ತೆ, ಉಸಿರಾಡಬೇಕು ಅಂತ 4 ಸೇರಿಸಿ 40 ಮಾಡಿದೆ. ಹಿಂದೆ 20, ಮುಂದೆ 20. ಇಂಚಿಗೆ ಐದೂವರೆ ಕುಣಿಕೆ ಬರುತ್ತೆ ಅಂತ ಆಂಟಿ ಹೇಳಿದ್ದರು. 20 ಇಂಚಿಗೆ 110. ಲೆಕ್ಕ ಸರಿಯಾಗೇ ಇತ್ತು. ಆದರೆ ಐದೂವರೆ ಬರುತ್ತಿದ್ದದ್ದು ಅವರ ಕೈಗೆ. ನನ್ನ ಕೈ ಸಡಿಲ, ಇಂಚಿಗೆ ಐದೇ. ಅದೇ 110 ಕುಣಿಕೆ ನನ್ನ ಕೈಯಲ್ಲಿ 22 ಇಂಚು. ಎರಡೂ ಕಡೆ ಸೇರಿ 44. ಎರಡೂವರೆ ತಿಂಗಳು ಹೆಣೆದು ಹೊಲಿದು ಹಾಕಿಸಿದರೆ, ಒಳಗೆ ಇನ್ನೊಬ್ಬರಿಗೆ ಜಾಗ ಇತ್ತು. ತೋಳು ಬೆರಳ ತುದಿ ದಾಟಿತ್ತು. ಅವರು ಪಾಪ, "ಆರಾಮಾಗಿದೆ" ಅಂದರು. ಗಂಡಸರು ಸ್ವೆಟರ್ ಆರಾಮಾಗಿದೆ ಅಂದರೆ ದೊಡ್ಡದಾಗಿದೆ ಅಂತಲೇ ಅರ್ಥ.

ಪೂರ್ತಿ ಬಿಚ್ಚಿದೆ. ಹೆಣೆಯೋಕೆ ಎರಡೂವರೆ ತಿಂಗಳು, ಬಿಚ್ಚೋಕೆ ಎರಡು ಗಂಟೆ. ಬಿಚ್ಚಿದ ಉಣ್ಣೆ ನೂಲು ಶಾವಿಗೆ ಥರ ಸುರುಳಿ ಸುರುಳಿ ಇರುತ್ತೆ, ಹಾಗೇ ಹೆಣೆದರೆ ಬಟ್ಟೆ ಗಂಟುಗಂಟಾಗುತ್ತೆ. ಕುರ್ಚಿ ಬೆನ್ನಿಗೆ ಸುತ್ತಿ, ನಾಲ್ಕು ಕಡೆ ದಾರ ಕಟ್ಟಿ, ನೀರಲ್ಲಿ ನೆನೆಸಿ, ಕೆಳಗೆ ಒಂದು ಚೊಂಬು ತೂಗುಬಿಟ್ಟು ಒಣಗಿಸಿದರೆ ನೆಟ್ಟಗಾಗುತ್ತೆ. ಅಂದಿನಿಂದ ಅಂಗೈಯಗಲ ಒಂದು ಚೌಕ ಹೆಣೆದು, ಒಗೆದು, ಒಣಗಿಸಿ, ಕುಣಿಕೆ ಎಣಿಸದೆ ನಾನು ಏನನ್ನೂ ಶುರು ಮಾಡಿಲ್ಲ.

ಅಳತೆ ತಪ್ಪಿದರೆ ಬಿಚ್ಚಿ ಸರಿ ಮಾಡಬಹುದು. ಹಾಕಿಕೊಳ್ಳುವವರು ಏನು ಹೇಳುತ್ತಿದ್ದಾರೆ ಅನ್ನೋದನ್ನ ತಪ್ಪಾಗಿ ಕೇಳಿಸಿಕೊಂಡರೆ ಏನನ್ನು ಬಿಚ್ಚಬೇಕು ಅಂತಲೇ ಗೊತ್ತಾಗಲ್ಲ. ಇದು ತಿಳಿದದ್ದು ಊರಿಗೆ ವಾಪಸ್ ಬಂದ ಮೇಲೆ, ಅತ್ತೆಯಿಂದ.

ನಮ್ಮ ಕಡೆ ಸ್ವೆಟರ್‌ಗೆ ಚಳಿಗಾಲವೇ ಆಗಬೇಕು ಅಂತಿಲ್ಲ. ಜೂನ್‌ನಿಂದ ಮಳೆ ಹಿಡಿದರೆ ಆಗಸ್ಟ್‌ವರೆಗೂ ಮೈಮೇಲೆ ಇರುತ್ತೆ. ಒಗೆದದ್ದು ಒಣಗಲ್ಲ. ಬಚ್ಚಲು ಒಲೆ ಮೇಲಿನ ಹಗ್ಗಕ್ಕೆ ಹಾಕಿ ಹೊಗೆ ವಾಸನೆ ಹಿಡಿಸಿಕೊಂಡೇ ಹಾಕಿಕೊಳ್ಳೋದು. ಅತ್ತೆ ಐದು ಗಂಟೆಗೆ ಎದ್ದು ಕೊಟ್ಟಿಗೆಗೆ ಹೋಗೋರು, ಬೆಚ್ಚಗಿರಲಿ ಅಂತ ಬಟನ್ ಸ್ವೆಟರ್ ಒಂದನ್ನ ಹೆಣೆದುಕೊಟ್ಟೆ. ಮೆರೂನ್ ಬಣ್ಣ. ಅಕ್ರಿಲಿಕ್ ಅನ್ನೋ ಕೃತಕ ನೂಲು, ಬೆಣ್ಣೆ ಥರ ಮೆತ್ತಗೆ. ಎರಡು ಸಲ ಹಾಕಿಕೊಂಡು ಟ್ರಂಕಿಗೆ ಸೇರಿಸಿದರು.

"ಯಾಕತ್ತೆ, ಹಾಕ್ಕೊಳ್ತಿಲ್ಲ?"

"ಚುಚ್ಚುತ್ತೆ ಕಣೆ."

ನನಗೆ ನಂಬಿಕೆ ಬರಲಿಲ್ಲ. ಒರಟು ಉಣ್ಣೆ ಚುಚ್ಚುತ್ತೆ, ಸರಿ. ನಮ್ಮ ದಕ್ಖನಿ ಕುರಿಯ ಉಣ್ಣೆ ಕಂಬಳಿಗೆ ಹೇಳಿ ಮಾಡಿಸಿದ್ದು. ಎಳೆ ದಪ್ಪ, ಗಟ್ಟಿ, ಹಾಗಾಗಿ ಬರೀ ಮೈಗೆ ತಾಗಿದರೆ ತುರಿಕೆ. ಆದರೆ ಇದು ಅಕ್ರಿಲಿಕ್. ಕೆನ್ನೆಗೆ ಉಜ್ಜಿಕೊಂಡೆ, ಕತ್ತಿನ ಹಿಂದೆ ಉಜ್ಜಿಕೊಂಡೆ. ಎಲ್ಲೂ ಚುಚ್ಚಲಿಲ್ಲ. ಅತ್ತೆಗೆ ಬಣ್ಣ ಹಿಡಿಸಿಲ್ಲ, ಹೇಳೋಕೆ ಸಂಕೋಚ ಅಂತ ಒಳಗೊಳಗೇ ಸಿಟ್ಟೂ ಬಂತು.

ಕೊನೆಗೆ ಒಂದು ದಿನ, ಸಂತೆಗೆ ಹೊರಟಾಗ, "ನನ್ನ ಮುಂದೆ ಒಂದ್ಸಲ ಹಾಕ್ಕೊಳ್ಳಿ" ಅಂದೆ. ಬಲಗೈ ಸಲೀಸಾಗಿ ಹೋಯಿತು. ಎಡಗೈ ಹಾಕುವಾಗ ಭುಜದ ಮೇಲೆ ಮಡಿಕೆ ಹಾಕಿದ್ದ ಸೆರಗು ಮುದ್ದೆಯಾಗಿ ತೋಳಿನೊಳಗೆ ಸಿಕ್ಕಿಕೊಂಡಿತು. ಹಿಂದಿನಿಂದ ಎಳೆದುಕೊಂಡರು. ಭುಜದ ಹೊಲಿಗೆ ಬಿಗಿಯಾಗಿ ಸೆರಗಿನ ಮೇಲೆ ಕೂತಿತು. "ಹಾ, ಇಲ್ಲೇ" ಅಂತ ಬೆರಳಿಟ್ಟು ತೋರಿಸಿದರು. ಬೆರಳಿನ ಕೆಳಗೆ ಸೆರಗಿಗೆ ಹಾಕಿದ್ದ ಪಿನ್ನು! ನನ್ನ ಸ್ವೆಟರ್ ಅದನ್ನು ಒತ್ತಿ ಒತ್ತಿ ಭುಜಕ್ಕೆ ಚುಚ್ಚಿಸುತ್ತಿತ್ತು. ಅವರು ಹೇಳಿದ್ದು ಅಕ್ಷರಶಃ ನಿಜ.

ಆಮೇಲೆ ನಾನು ಅವರನ್ನು ಒಂದು ವಾರ ಸುಮ್ನೆ ನೋಡಿದೆ. ಸ್ವೆಟರಿನ ಪುಸ್ತಕದಲ್ಲಿ ಸೀರೆ ಉಟ್ಟವರು ಇರೋದೇ ಇಲ್ಲ, ಅಲ್ವಾ? ಕೆಳಗಿನ ಬಾರ್ಡರ್ ಸೊಂಟ ಹಿಡಿದು ನಿಲ್ಲಬೇಕು ಅಂತ ಪುಸ್ತಕ ಹೇಳುತ್ತೆ. ಆದರೆ ಸೊಂಟದಲ್ಲಿ ನೆರಿಗೆ ಸಿಕ್ಕಿಸಿದ ದಪ್ಪ ಇರುತ್ತೆ, ಬಾರ್ಡರ್ ಅದರ ಮೇಲೆ ನಿಲ್ಲದೆ ಮೇಲಕ್ಕೆ ಹತ್ತುತ್ತೆ. ಅತ್ತೆ ಐದು ನಿಮಿಷಕ್ಕೊಮ್ಮೆ ಕೆಳಗೆ ಎಳೆದುಕೊಳ್ಳುತ್ತಿದ್ದರು. ಪಾತ್ರೆ ತಿಕ್ಕುವಾಗ ತೋಳು ಮೊಣಕೈವರೆಗೆ ಏರಿಸಬೇಕು, ಮುಂಗೈ ಬಾರ್ಡರ್ ಬಿಗಿ ಇದ್ದರೆ ಏರಲ್ಲ, ಹಾಗಾಗಿ ತುದಿ ಸದಾ ಒದ್ದೆ. ಎಂಟು ಸಣ್ಣ ಬಟನ್ ಹಾಕಲು ಅವರ ಬೆರಳಿನ ಗಂಟು ಬಿಡುತ್ತಿರಲಿಲ್ಲ, ಮೇಲಿನದೊಂದು, ನಡುವಿನದೊಂದು ಹಾಕಿ ಬಿಡುತ್ತಿದ್ದರು. ತಲೆಯಿಂದ ಹಾಕುವ ಸ್ವೆಟರ್ ಅಂತೂ ಮಾತೇ ಇಲ್ಲ, ತುರುಬು ಕೆಡುತ್ತೆ, ಮುಡಿದ ಹೂವು ಉದುರುತ್ತೆ.

ಎರಡನೇ ಸ್ವೆಟರಿಗೆ ರ್‍ಯಾಗ್ಲನ್ ತೋಳು ಮಾಡಿದೆ. ಮಾಮೂಲಿ ತೋಳಿನ ಹೊಲಿಗೆ ಭುಜದ ತುದಿಯಲ್ಲಿ ಬಂದು ಕೂರುತ್ತೆ. ರ್‍ಯಾಗ್ಲನ್‌ನಲ್ಲಿ ಹಾಗಲ್ಲ, ಕಂಕುಳಿಂದ ಕತ್ತಿನವರೆಗೆ ಓರೆಯಾಗಿ ಹೋಗುತ್ತೆ. ಒಂದು ಸಾಲು ಬಿಟ್ಟು ಒಂದು ಸಾಲಿಗೆ ಎರಡೂ ಅಂಚಿನಲ್ಲಿ ಒಂದೊಂದು ಕುಣಿಕೆ ಕಡಿಮೆ ಮಾಡುತ್ತಾ ಹೋದರಾಯಿತು. ಭುಜದ ಮೇಲೆ ಹೊಲಿಗೆಯೇ ಇಲ್ಲದ್ದರಿಂದ ಸೆರಗಿಗೂ ಪಿನ್ನಿಗೂ ಜಾಗ ಸಿಕ್ಕಿತು. ಈ ಹೆಸರು ವಾಟರ್ಲೂ ಯುದ್ಧದಲ್ಲಿ ಬಲಗೈ ಕಳೆದುಕೊಂಡ ಲಾರ್ಡ್ ರ್‍ಯಾಗ್ಲನ್ ಅನ್ನೋ ಇಂಗ್ಲಿಷ್ ಸೇನಾಪತಿಯದು. ಎದೆ ತೆರೆದ ಸ್ವೆಟರಿಗೆ ಕಾರ್ಡಿಗನ್ ಅನ್ನೋ ಹೆಸರು ಬಂದದ್ದೂ ಅವನ ಕೈಕೆಳಗೆ 1854ರಲ್ಲಿ ಕ್ರಿಮಿಯಾದಲ್ಲಿ ಕುದುರೆ ಓಡಿಸಿದ ಇನ್ನೊಬ್ಬ ಪ್ರಭುವಿನಿಂದ. ಅವರಿಬ್ಬರೂ ಸೇರಿ ನಮ್ಮತ್ತೆಯ ಸೆರಗಿನ ತೊಂದರೆ ಬಗೆಹರಿಸಿದರು ಅನ್ನಿ.

ಕೆಳಗೆ ಬಾರ್ಡರ್ ಬದಲು ಹತ್ತು ಸಾಲು ಬರೀ ಸೀಧಾ ಹೆಣೆದೆ. ಅದು ಸುರುಳಿ ಹೋಗಲ್ಲ, ಸೊಂಟವನ್ನೂ ಹಿಡಿಯಲ್ಲ. ಎರಡೂ ಪಕ್ಕ ಮೂರು ಇಂಚು ಸೀಳು ಬಿಟ್ಟೆ. ಮುಂಗೈಗೆ ಆರು ಕುಣಿಕೆ ಜಾಸ್ತಿ. ಕೋಟಿನ ಬಟನ್ ಐದು. ಎಲೆ ಅಡಿಕೆ ಚೀಲಕ್ಕೆ ಒಂದು ಜೇಬು. ಅತ್ತೆ ಏನೂ ಹೇಳಲಿಲ್ಲ. ಹನ್ನೊಂದು ವರ್ಷ ಹಾಕಿಕೊಂಡರು.

ಮಾವನದ್ದು ಬೇರೆ ಕಥೆ. ಅವರಿಗೆ ಹಾಫ್ ಸ್ವೆಟರ್, ವಿ ಕತ್ತು, ಕಡು ಬೂದು. ಹಾಕಿಕೊಂಡ ದಿನವೇ "ಜೇಬಿಗೆ ದಾರಿ ಇಲ್ವಲ್ಲಮ್ಮ" ಅಂದರು. ಅಂಗಿ ಜೇಬಿನಲ್ಲಿ ಕನ್ನಡಕ, ಪೆನ್ನು, ಚೀಟಿ, ಎಲ್ಲಾ ಅಲ್ಲೇ. ಸ್ವೆಟರ್ ಅದನ್ನು ಮುಚ್ಚಿಬಿಟ್ಟಿತ್ತು. ವಿ ಎರಡು ಇಂಚು ಇಳಿಸಿದೆ, ಕೈ ಕತ್ತಿನಿಂದ ಒಳಗೆ ಹೋಗಿ ಕನ್ನಡಕ ತೆಗೆಯುವಷ್ಟು. ಅದು ಅಪ್ಪಟ ಉಣ್ಣೆ, ಮಳೆಗಾಲಕ್ಕೆ ಅದೇ ಸರಿ. ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಮೈಗೆ ಒದ್ದೆ ಅನ್ನಿಸಲ್ಲ. ಆದರೆ ನಾನು ಬುದ್ಧಿಗೇಡಿ, ಒಂದು ದಿನ ಹಂಡೆಯ ಬಿಸಿನೀರು ಸುರಿದು, ಸೋಪು ಹಚ್ಚಿ ಚೆನ್ನಾಗಿ ಉಜ್ಜಿಬಿಟ್ಟೆ. ಬಿಸಿ, ಸೋಪು, ಉಜ್ಜಾಟ ಮೂರೂ ಸೇರಿದರೆ ಉಣ್ಣೆಯ ಎಳೆ ಒಂದಕ್ಕೊಂದು ಕಚ್ಚಿಕೊಂಡುಬಿಡುತ್ತೆ, ಮತ್ತೆ ಬಿಡಿಸೋಕಾಗಲ್ಲ. ಅರವತ್ತೈದರ ಮಾವನ ಸ್ವೆಟರ್ ಎಂಟು ವರ್ಷದ ಮೊಮ್ಮಗನಿಗೆ ಸರಿಯಾಯಿತು. ಅವನಿಗಂತೂ ಖುಷಿ.

ಆಮೇಲೆ ಅಕ್ಕಪಕ್ಕದವರು ಕೇಳತೊಡಗಿದರು. ಯಾರಿಗೂ ಪುಲ್‌ಓವರ್, ಕಾರ್ಡಿಗನ್ ಅನ್ನೋ ಮಾತೇ ಬರಲ್ಲ. ತಲೆಯಿಂದ ಹಾಕೋದು, ಬಟನ್ ಇರೋದು, ಕತ್ತು ಮುಚ್ಚೋದು, ಕೈ ಇಲ್ದಿರೋದು. ನನಗೆ ಈ ಹೆಸರುಗಳೇ ಇಷ್ಟ. ಹಾಕಿಕೊಳ್ಳುವವರ ಕೈ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅನ್ನೋದು ಇದರಲ್ಲೇ ಇದೆ. ಉಳಿದ ಮಾತಿಗೆ ಮಾತ್ರ ಕಿವಿ ಕೊಡಬೇಕು. "ಬೆಚ್ಚಗಿಲ್ಲ" ಅಂದವರಿಗೆ ದಪ್ಪ ನೂಲು ಹಾಕಿದರೆ ಉಪಯೋಗವಿಲ್ಲ. ಹತ್ತಕ್ಕೆ ಎಂಟು ಸಲ ಕತ್ತಿನಲ್ಲಿ ಗಾಳಿ ನುಗ್ಗುತ್ತಿರುತ್ತೆ, ಕತ್ತುಪಟ್ಟಿ ಒಂದಿಂಚು ಏರಿಸಿದರೆ ಸಾಕು. "ಸೆಕೆ ಆಗುತ್ತೆ" ಅಂದರೆ ಅದು ಅಕ್ರಿಲಿಕ್ ದೂರು. "ದಪ್ಪ ಕಾಣ್ತೀನಿ" ಅಂದರೆ ಅಡ್ಡ ಪಟ್ಟೆಯನ್ನೋ, ಕೆಳಗಿನ ಬಾರ್ಡರನ್ನೋ ತೆಗೆಯಬೇಕು.

ಕಾಲೇಜಿಗೆ ಹೋಗುವ ತಂಗಿ ಮಗ ಕೇಳಿದ್ದು "ಲೂಸ್ ಇರ್ಲಿ ದೊಡ್ಡಮ್ಮ". ನನ್ನ ಲೂಸ್ ಅಂದರೆ 4 ಇಂಚು, ಅವನದು 10. ಮೊದಲೇ ಕೇಳಿದ್ದರಿಂದ ಬಚಾವಾದೆ. ಅಷ್ಟು ಅಗಲ ಮಾಡಿದರೆ ಭುಜದ ಹೊಲಿಗೆ ತೋಳಿನ ಮೇಲೆ ಇಳಿದು ಬರುತ್ತೆ. ಎಷ್ಟು ಇಂಚು ಇಳಿಯಿತೋ ಅಷ್ಟನ್ನು ತೋಳಿನಿಂದ ಕಳೆಯಬೇಕು. ಇಲ್ಲದಿದ್ದರೆ ದೆಹಲಿಯಲ್ಲಿ ನನ್ನ ಗಂಡನಿಗೆ ಆದದ್ದೇ ಆಗುತ್ತೆ. ಫ್ಯಾಷನ್ ಅನ್ನೋದಕ್ಕೂ ತಪ್ಪು ಅಳತೆಗೂ ಇರುವ ವ್ಯತ್ಯಾಸ ತೋಳಿನಲ್ಲಿ ಮೂರು ಇಂಚು ಅಷ್ಟೇ.

ಇಷ್ಟೆಲ್ಲಾ ಯಾಕೆ, ಟಿಬೆಟಿನವರ ಹತ್ತಿರ ಒಂದು ತಗೊಂಡ್ರಾಯ್ತಲ್ಲ ಅಂತ ಕೇಳೋರಿದ್ದಾರೆ. ತಗೊಳ್ಳಲಿ, ಒಳ್ಳೇ ಸ್ವೆಟರ್‌ಗಳೇ. 1960ರ ದಶಕದಿಂದ ಬೈಲಕುಪ್ಪೆ, ಮುಂಡಗೋಡಿನಲ್ಲಿ ನೆಲೆಸಿದವರು ಚಳಿಗಾಲ ಬಂತೆಂದರೆ ಊರೂರಿಗೆ ಹೋಗಿ ಅಂಗಡಿ ಹಾಕುತ್ತಾರೆ. ಸರಕು ಹೆಚ್ಚಾಗಿ ಲುಧಿಯಾನದ ಮಿಷನ್ ಹೆಣಿಗೆ. ನಾನೂ ಕೊಂಡಿದ್ದೇನೆ. ನಾನು ಒಂದು ಮುಗಿಸಲು ಮೂರ್ನಾಲ್ಕು ವಾರ, ನೂಲೇ ಅರ್ಧ ಕೆಜಿ ಹತ್ತಿರ ಬೇಕು. ದುಡ್ಡಿನ ಲೆಕ್ಕದಲ್ಲಿ ನಾನು ಗೆಲ್ಲಲ್ಲ.

ಈಗ ಕಡ್ಡಿ ಮೇಲಿರೋದು ಮನೆಗೆಲಸಕ್ಕೆ ಬರುವಾಕೆಯದು. ಹೇಗಿರಬೇಕು ಅಂದಾಗ, "ದೊಡ್ಡಮ್ಮೋರದ್ದು ಇತ್ತಲ್ಲಕ್ಕ, ಅಂಥಾದ್ದೇ. ಜೇಬು ಮಾತ್ರ ದೊಡ್ಡದಿರ್ಲಿ" ಅಂದಳು. ದೊಡ್ಡಮ್ಮೋರು ಅಂದರೆ ನಮ್ಮತ್ತೆ.

"ಎಷ್ಟು ದೊಡ್ಡದು?"

ಮೊಬೈಲ್ ತೆಗೆದು ನನ್ನ ಮಡಿಲಲ್ಲಿಟ್ಟಳು. ಆರೂವರೆ ಇಂಚು ಉದ್ದ, ಕವರ್ ಬೇರೆ. ಹೆಣೆದ ಜೇಬಿಗೆ ಅಷ್ಟು ಭಾರ ಹಾಕಿದರೆ ಮುಂಭಾಗ ಜೋತು ಬೀಳುತ್ತೆ, ಒಂದು ತಿಂಗಳಲ್ಲಿ ಎಡಗಡೆ ಬಲಗಡೆಗಿಂತ ಎರಡು ಇಂಚು ಉದ್ದ. ಅದಕ್ಕೇ ಒಳಗೆ ಹಳೇ ಲಂಗದ ಕಾಟನ್ ಬಟ್ಟೆ ಕೊಟ್ಟು, ಜೇಬಿನ ಭಾರ ಪಕ್ಕದ ಹೊಲಿಗೆ ಹೊರುವ ಹಾಗೆ ಮಾಡುತ್ತಿದ್ದೇನೆ. ಎಡಗಡೆ ಮುಗಿದಿದೆ. ನಿನ್ನೆ ಮೊಬೈಲ್ ಹಾಕಿ ಬಗ್ಗಿಸಿ ನೋಡಿದಳು, ಜಾರಿ ಬಿತ್ತು. ಮೇಲೊಂದು ಬಟನ್ ಇಡಬೇಕು.